ಭರ್ತಿ ಮಾಡುವ ವರ್ಡ್ ಅರ್ಜಿ ನಮೂನೆಯಲ್ಲಿ ಪುಟವಿನ್ಯಾಸ ಅಲುಗಾಡದಂತೆ ಹಿಡಿದಿಡುವುದು ಹೇಗೆ?

ಸಂಘದ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಒಂದು ಚಿಕ್ಕ ಸಹಕಾರಿ ಸಂಘದಲ್ಲಿ ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಸಾಲದ ಅರ್ಜಿ ನಾಲ್ಕು ಪುಟದ್ದು. ಮೊದಲ ಪುಟದಲ್ಲಿ ಅರ್ಜಿದಾರರ ವಿವರ ಮತ್ತು ಭಾವಚಿತ್ರ, ಎರಡನೆಯದರಲ್ಲಿ ಜಮೀನಿನ ಸರ್ವೆ ನಂಬರ್, ಹಿಸ್ಸಾ ಮತ್ತು ಎಕರೆ-ಗುಂಟೆ, ಮೂರನೆಯದರಲ್ಲಿ ಇಬ್ಬರು ಜಾಮೀನುದಾರರು, ನಾಲ್ಕನೆಯದು ಕಚೇರಿಯ ಉಪಯೋಗಕ್ಕೆ ಮತ್ತು ಆಡಳಿತ ಮಂಡಳಿಯ ಠರಾವಿಗೆ. ಹಿಂದೆ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ ಪೆನ್ನಿನಲ್ಲಿ ತುಂಬುತ್ತಿದ್ದೆವು. ಈಗ ಅದೇ ನಮೂನೆಯನ್ನು ವರ್ಡ್‌ನಲ್ಲಿ ಟೈಪಿಸಿಕೊಂಡಿದ್ದೇವೆ. ಸದಸ್ಯರ ಮನೆಯ ಮಕ್ಕಳು ತುಂಬಿ ಮಿಂಚಂಚೆಯಲ್ಲಿ ಕಳುಹಿಸುತ್ತಾರೆ, ಇಲ್ಲವೇ ನಾವೇ ಕೌಂಟರಿನಲ್ಲಿ ಕೇಳಿಕೊಂಡು ತುಂಬಿ, ಮುದ್ರಿಸಿ ಸಹಿ ಪಡೆಯುತ್ತೇವೆ.

ಖಾಲಿ ಇರುವಾಗ ನಮೂನೆ ಅಚ್ಚುಕಟ್ಟಾಗಿ ಕಾಣುತ್ತದೆ, ತುಂಬಿದ ಕೂಡಲೇ ಕೆಡುತ್ತದೆ. ವಿಳಾಸ ಎರಡು ಸಾಲಿನಿಂದ ಮೂರು ಸಾಲಿಗೆ ಹೋದರೆ ಭಾವಚಿತ್ರದ ಚೌಕ ಕೆಳಗೆ ಜಾರುತ್ತದೆ. ಜಾಮೀನುದಾರರ ಸಹಿಯ ಗೆರೆ ಒಂದೇ ಒಂದು ಮುಂದಿನ ಪುಟಕ್ಕೆ ಬಿದ್ದು ನಾಲ್ಕು ಪುಟದ ಅರ್ಜಿ ಐದಾಗುತ್ತದೆ. ಜಾಮೀನಿನ ಒಪ್ಪಿಗೆಯ ಮಾತು ಒಂದು ಪುಟದಲ್ಲಿ, ಅದರ ಸಹಿ ಇನ್ನೊಂದು ಪುಟದಲ್ಲಿ ಇರುವ ಅರ್ಜಿಯನ್ನು ಕಡತಕ್ಕೆ ಸೇರಿಸಲು ನನಗೆ ಧೈರ್ಯ ಬರುವುದಿಲ್ಲ. ಖಾಲಿ ಜಾಗಗಳಿಗೆ ನಾನು ಅಡಿಗೆರೆಯ ಚಿಹ್ನೆಯನ್ನೇ ಸಾಲಾಗಿ ಒತ್ತಿದ್ದೇನೆ. ‘ರಿಸ್ಟ್ರಿಕ್ಟ್ ಎಡಿಟಿಂಗ್’ ಹಾಕಿ ಗುಪ್ತಪದವನ್ನೂ ಕೊಟ್ಟು ನೋಡಿದೆ. ಪ್ರಶ್ನೆಗಳ ಪಠ್ಯವನ್ನು ಯಾರೂ ಬದಲಾಯಿಸಲಾಗದಂತೆ ಆಯಿತೇ ಹೊರತು ಜಾರುವುದು ನಿಲ್ಲಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು.

ಅಚ್ಚುಮೊಳೆ

ನಮಸ್ಕಾರ ಗುಮಾಸ್ತರೇ. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಡಿಟಿಪಿ ಕೆಲಸ ಮಾಡಿದವನು ನಾನು. ಇಂತಹ ನಮೂನೆಗಳು ನನ್ನ ಕೈಯಲ್ಲಿ ಸಾಕಷ್ಟು ಹಾದುಹೋಗಿವೆ. ನಿಮ್ಮ ಕೊನೆಯ ಮಾತಿನಲ್ಲಿಯೇ ಉತ್ತರವಿದೆ. ರಕ್ಷಣೆ ತಡೆಯುವುದು ತುಂಬುವವರ ಕೈಯನ್ನು ಮಾತ್ರ, ಪಠ್ಯದ ಹರಿವನ್ನಲ್ಲ. ವರ್ಡ್‌ಗೆ ಪುಟ ಎಂದರೆ ಮೇಲಿನಿಂದ ಕೆಳಕ್ಕೆ ಹರಿಯುವ ಒಂದೇ ಪಠ್ಯ. ಮೇಲೆ ಒಂದು ಸಾಲು ಹೆಚ್ಚಾದರೆ ಕೆಳಗಿರುವುದೆಲ್ಲ ಒಂದು ಸಾಲು ಇಳಿಯುತ್ತದೆ. ಆ ಹರಿವಿಗೆ ಒಡ್ಡು ಕಟ್ಟಬಲ್ಲ ಸಾಧನ ಕೋಷ್ಟಕ. ಆದ್ದರಿಂದ ಮೊದಲು ಚೌಕಟ್ಟು, ಆಮೇಲೆ ಭರ್ತಿ ಮಾಡುವ ಜಾಗಗಳು, ಎಲ್ಲಕ್ಕಿಂತ ಕೊನೆಗೆ ರಕ್ಷಣೆ. ನೀವು ಕೊನೆಯದರಿಂದ ಆರಂಭಿಸಿದ್ದೀರಿ.

ಅಡಿಗೆರೆಯ ಸಾಲುಗಳನ್ನು ಇಂದೇ ಅಳಿಸಿ. ‘ಹೆಸರು’ ಎಂಬುದರ ಮುಂದೆ ನಲವತ್ತು ಅಡಿಗೆರೆ ಇದೆ ಎಂದುಕೊಳ್ಳಿ. ತುಂಬುವವರು ಅದರ ನಡುವೆ ಕ್ಲಿಕ್ ಮಾಡಿ ಹೆಸರು ಬರೆದರೆ ನಲವತ್ತೂ ಅಲ್ಲಿಯೇ ಉಳಿದು, ಹೆಸರು ಅವುಗಳನ್ನು ಬಲಕ್ಕೆ ತಳ್ಳುತ್ತದೆ. ಗೆರೆಯ ಬಾಲ ಮುಂದಿನ ಸಾಲಿಗೆ ಬೀಳುತ್ತದೆ. ಇಡೀ ಪುಟ ಜಾರಲು ಅದೊಂದೇ ಸಾಲು ಸಾಕು. ಇದರ ಬದಲು ಎರಡು ಕೋಶಗಳ ಒಂದು ಅಡ್ಡಸಾಲು ಮಾಡಿ. ಎಡಗಡೆಯ ಕೋಶದಲ್ಲಿ ‘ಹೆಸರು’ ಎಂದು ಬರೆದು, ಬಲಗಡೆಯ ಕೋಶಕ್ಕೆ ಕೆಳ ಅಂಚಿನ ಗೆರೆಯನ್ನು ಮಾತ್ರ ಉಳಿಸಿ ಮಿಕ್ಕ ಮೂರು ಅಂಚುಗಳನ್ನು ತೆಗೆದುಹಾಕಿ. ಕಾಗದದ ಮೇಲೆ ಅದು ನಿಮ್ಮ ಹಳೆಯ ಅಚ್ಚಿನ ನಮೂನೆಯಂತೆಯೇ ಕಾಣುತ್ತದೆ. ಗೆರೆ ಕೋಶದ್ದಾಗಿರುವುದರಿಂದ ಅದರ ಮೇಲೆ ಏನು ಬರೆದರೂ ಅದು ಕದಲುವುದಿಲ್ಲ.

ಮುಂದೆ ‘ಟೇಬಲ್ ಪ್ರಾಪರ್ಟೀಸ್’ ತೆರೆದು, ‘ಟೇಬಲ್’ ಹಾಳೆಯಲ್ಲಿರುವ ‘ಆಪ್ಷನ್ಸ್’ ಒತ್ತಿದರೆ ‘ಆಟೊಮ್ಯಾಟಿಕಲಿ ರಿಸೈಜ್ ಟು ಫಿಟ್ ಕಂಟೆಂಟ್ಸ್’ ಎಂದಿರುತ್ತದೆ. ಅದರ ಗುರುತನ್ನು ತೆಗೆಯಿರಿ. ಇಲ್ಲದಿದ್ದರೆ ನಡುವೆ ಖಾಲಿ ಬಿಡದೆ ಉದ್ದಕ್ಕೆ ಬರೆದ ಒಂದು ಪದ ಬಂದರೂ ಕಂಬಸಾಲು ಅಗಲವಾಗಿ ಪಕ್ಕದ್ದನ್ನು ಒತ್ತುತ್ತದೆ. ‘ರೋ’ ಹಾಳೆಯಲ್ಲಿ ಅಡ್ಡಸಾಲು ಎರಡು ಪುಟಗಳಿಗೆ ಒಡೆಯಲು ಬಿಡುವ ಗುರುತನ್ನೂ ತೆಗೆಯಿರಿ. ಅಲ್ಲಿಯೇ ಎತ್ತರವನ್ನು ನಮೂದಿಸಿ, ‘ಅಟ್ ಲೀಸ್ಟ್’ ಎಂದಿರುವುದನ್ನು ‘ಎಕ್ಸಾಕ್ಟ್ಲಿ’ ಎಂದು ಬದಲಿಸಿದರೆ ಆ ಅಡ್ಡಸಾಲು ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ.

ಭಾವಚಿತ್ರದ ಚೌಕವನ್ನು ತೇಲುವ ಪೆಟ್ಟಿಗೆಯಾಗಿ ಇಟ್ಟಿರಬೇಕು ನೀವು. ತೇಲುವ ಪೆಟ್ಟಿಗೆಗೆ ಯಾವುದಾದರೊಂದು ಪ್ಯಾರಾದಲ್ಲಿ ಲಂಗರು ಇರುತ್ತದೆ, ಆ ಪ್ಯಾರಾ ಇಳಿದರೆ ಪೆಟ್ಟಿಗೆಯೂ ಅದರ ಹಿಂದೆ ಇಳಿಯುತ್ತದೆ. ಅದನ್ನು ತೆಗೆದು ಅದೇ ಕೋಷ್ಟಕದ ಬಲತುದಿಯಲ್ಲಿ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಒಂದು ಕೋಶವನ್ನು, ಎಡಗಡೆಯ ನಾಲ್ಕೈದು ಅಡ್ಡಸಾಲುಗಳಷ್ಟು ಉದ್ದಕ್ಕೆ ಕೂಡಿಸಿ ಮಾಡಿಕೊಳ್ಳಿ.

ಕಚೇರಿ ಸಹಾಯಕಿ

ಅಚ್ಚುಮೊಳೆ ಅವರು ಹೇಳಿದ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ‘ಎಕ್ಸಾಕ್ಟ್ಲಿ’ ಎಂಬುದರ ವಿಚಾರದಲ್ಲಿ ದಯವಿಟ್ಟು ಎಚ್ಚರಿಕೆಯಿಂದಿರಿ. ಅದರಿಂದ ಆದ ತೊಂದರೆಯನ್ನು ಕಣ್ಣಾರೆ ಕಂಡಿರುವುದರಿಂದ ಬರೆಯುತ್ತಿದ್ದೇನೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ಹೀಗೆಯೇ ಮಾಡಿದ್ದೆವು. ವಿಳಾಸದ ಕೋಶಕ್ಕೆ ಎರಡು ಸಾಲಿನಷ್ಟು ಎತ್ತರವನ್ನು ಬಿಗಿಯಾಗಿ ಕಟ್ಟಿದ್ದೆವು. ಒಬ್ಬ ಹುಡುಗಿ ಮನೆಯ ಹೆಸರು, ಕೇರಿ, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಂದು ಕ್ರಮವಾಗಿ ಬರೆದು ಕೊನೆಯಲ್ಲಿ ಪಿನ್‌ಕೋಡ್ ಹಾಕಿದ್ದಳು. ಮೂರನೆಯ ಸಾಲಿಗೆ ಹೋದ ಜಿಲ್ಲೆಯೂ ಪಿನ್‌ಕೋಡೂ ಪರದೆಯಲ್ಲಿ ಕಾಣಲಿಲ್ಲ, ಮುದ್ರಣದಲ್ಲಿಯೂ ಬರಲಿಲ್ಲ. ಕಡತವನ್ನು ತೆರೆದು ಆ ಕೋಶದಲ್ಲಿ ಬಾಣದ ಕೀಲಿ ಒತ್ತುತ್ತಾ ಹೋದರೆ ಕರ್ಸರ್ ಮಾತ್ರ ಎಲ್ಲಿಯೋ ಮರೆಯಾಗುತ್ತಿತ್ತು. ಅಕ್ಷರಗಳು ಅಲ್ಲಿದ್ದವು, ಆದರೆ ಗೋಡೆಯ ಹಿಂದೆ. ನಾವು ಮುದ್ರಿತ ಪ್ರತಿಯನ್ನು ನೋಡಿ ಲಕೋಟೆಯ ಮೇಲೆ ವಿಳಾಸ ಬರೆದೆವು, ಪತ್ರ ಹಿಂದಿರುಗಿ ಬಂತು. ಆ ಹುಡುಗಿ ತುಂಬಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ.

ಪುಟ ಜಾರಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಸರಿಪಡಿಸಬಹುದು. ಉತ್ತರ ನುಂಗಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಸಾಲದ ಅರ್ಜಿಯಲ್ಲಿ ಸರ್ವೆ ನಂಬರಿನ ಕೊನೆಯ ಹಿಸ್ಸಾ ಹೀಗೆ ಮರೆಯಾದರೆ ಏನಾಗಬಹುದು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಆದುದರಿಂದ ‘ಅಟ್ ಲೀಸ್ಟ್’ ಇರಲಿ, ಹಿಗ್ಗುವುದಕ್ಕೆ ಎಡೆಯೂ ಇರಲಿ ಎಂಬುದು ನನ್ನ ಅಭಿಪ್ರಾಯ.

ಅಚ್ಚುಮೊಳೆ

ಸಹಾಯಕಿಯವರೇ, ನೀವು ಹೇಳಿದ್ದು ನ್ಯಾಯವಾದ ಮಾತು. ನಾನು ಅಚ್ಚಿನ ಕಣ್ಣಿನಿಂದ ನೋಡಿ ಬರೆದೆ, ಓದುವವರ ಮತ್ತು ತುಂಬುವವರ ಕಡೆಯಿಂದ ಯೋಚಿಸಲಿಲ್ಲ. ನನ್ನ ಸಲಹೆಯನ್ನು ಹೀಗೆ ತಿದ್ದಿಕೊಳ್ಳುತ್ತೇನೆ.

ಉದ್ದ ಎಷ್ಟೆಂದು ಮೊದಲೇ ಗೊತ್ತಿರುವ ಉತ್ತರಗಳು ಕೆಲವಿವೆ. ಆಧಾರ್ ಸಂಖ್ಯೆಗೆ 12 ಅಂಕಿ, ಮೊಬೈಲಿಗೆ 10, ಪಿನ್‌ಕೋಡಿಗೆ 6, ಅಕ್ಷರ, ಅಂಕಿ ಎರಡೂ ಸೇರಿ ಬ್ಯಾಂಕಿನ ಐಎಫ್‌ಎಸ್‌ಸಿಗೆ 11, ಪಾನ್‌ಗೆ 10. ಇವು ಹಿಗ್ಗುವ ಪ್ರಶ್ನೆಯೇ ಇಲ್ಲ. ಇವುಗಳ ಅಡ್ಡಸಾಲಿಗೆ ಬಿಗಿಯಾದ ಎತ್ತರ ಕೊಡಬಹುದು. ಹೆಸರು, ವಿಳಾಸ, ಸಾಲದ ಉದ್ದೇಶ, ಷರಾ ಇವುಗಳಿಗೆ ‘ಅಟ್ ಲೀಸ್ಟ್’ ಇಟ್ಟು, ನೀವು ಕಂಡಿರುವ ಅತಿ ಉದ್ದದ ಉತ್ತರಕ್ಕೆ ಬೇಕಾದಷ್ಟು ಎತ್ತರವನ್ನು ಮೊದಲೇ ಕೊಡಿ. ಪ್ರತಿ ಪುಟದ ಕೆಳಗೆ ಎರಡು ಮೂರು ಸಾಲಿನಷ್ಟು ಜಾಗವನ್ನು ಬೇಕೆಂದೇ ಖಾಲಿ ಬಿಡಿ. ಅಪರೂಪಕ್ಕೆ ಒಬ್ಬರ ವಿಳಾಸ ಇನ್ನೂ ಉದ್ದವಾದರೆ ಆ ಖಾಲಿ ಜಾಗ ಅದನ್ನು ಹೀರಿಕೊಳ್ಳುತ್ತದೆ.

ಇನ್ನೊಂದು ಮುಖ್ಯ ವಿಷಯ: ಎರಡನೆಯ, ಮೂರನೆಯ, ನಾಲ್ಕನೆಯ ಪುಟಗಳ ಶೀರ್ಷಿಕೆಯ ಪ್ಯಾರಾಗಳಿಗೆ ‘ಪೇಜ್ ಬ್ರೇಕ್ ಬಿಫೋರ್’ ಎಂಬ ಗುಣವನ್ನು ಕೊಡಿ. ಎಂಟರ್ ಕೀಲಿಯನ್ನು ಹತ್ತು ಸಲ ಒತ್ತಿ ಮುಂದಿನ ಪುಟಕ್ಕೆ ತಳ್ಳುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಬೇರೂರಿದೆ, ಮೇಲೆ ಒಂದು ಸಾಲು ಹೆಚ್ಚಾದರೆ ಆ ಹತ್ತೂ ಸಾಲು ಮುಂದಿನ ಪುಟದೊಳಕ್ಕೆ ನುಗ್ಗುತ್ತವೆ. ಪುಟದ ಆರಂಭ ಗಟ್ಟಿಯಾದರೆ ಒಂದು ಪುಟದ ಹಿಗ್ಗುವಿಕೆ ಇನ್ನೊಂದಕ್ಕೆ ದಾಟುವುದು ಆ ಖಾಲಿ ಜಾಗವೂ ತುಂಬಿ ಉಕ್ಕಿದಾಗ ಮಾತ್ರ. ಒಪ್ಪಿಗೆಯ ಮಾತಿಗೆ ‘ಕೀಪ್ ವಿತ್ ನೆಕ್ಸ್ಟ್’ ಕೊಟ್ಟರೆ, ಸಹಿಯ ಸಾಲು ಇಳಿಯಬೇಕಾಗಿ ಬಂದಾಗಲೂ ಅದನ್ನು ಬಿಟ್ಟು ಇದು ಹಿಂದೆ ಉಳಿಯುವುದಿಲ್ಲ. ಎರಡೂ ಒಟ್ಟಿಗೇ ಹೋಗುತ್ತವೆ.

ಅಕ್ಷರ ಎಣಿಕೆ

ಭರ್ತಿ ಮಾಡುವ ಜಾಗಗಳ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ನನ್ನದೊಂದು ಮಾತು. ವರ್ಡ್‌ನ ‘ಡೆವಲಪರ್’ ಟ್ಯಾಬಿನಲ್ಲಿ ಎರಡು ಬಗೆಯ ಸಾಧನಗಳಿವೆ: ‘ಲೆಗಸಿ ಟೂಲ್ಸ್’ ಅಡಿಯಲ್ಲಿರುವ ಹಳೆಯ ಫಾರ್ಮ್ ಫೀಲ್ಡ್‌ಗಳು ಮತ್ತು 2007ರ ಆವೃತ್ತಿಯಿಂದ ಬಂದ ಕಂಟೆಂಟ್ ಕಂಟ್ರೋಲ್‌ಗಳು. ಹಳೆಯದರಲ್ಲಿ ‘ಮ್ಯಾಕ್ಸಿಮಮ್ ಲೆಂಗ್ತ್’ ಎಂದು ಅಕ್ಷರಗಳ ಮಿತಿ ಹಾಕುವ ಅನುಕೂಲವಿದೆ. ಕಂಟೆಂಟ್ ಕಂಟ್ರೋಲಿನ ಗುಣಗಳಲ್ಲಿ ಅಂತಹ ಮಿತಿ ಸಿಗುವುದಿಲ್ಲ. ಜಾರುವುದನ್ನು ತಡೆಯಬೇಕೆನ್ನುವವರು ಸಹಜವಾಗಿಯೇ ಹಳೆಯದರ ಕಡೆಗೆ ಹೋಗುತ್ತಾರೆ, ಆದರೆ ಕನ್ನಡದಲ್ಲಿ ಅದೊಂದು ಹಳ್ಳ.

ಯಂತ್ರ ಎಣಿಸುವ ಅಕ್ಷರ ಬೇರೆ, ನಾವು ಓದುವ ಅಕ್ಷರ ಬೇರೆ. ‘ಸ್ತ್ರೀ’ ನಮಗೆ ಒಂದಕ್ಷರ. ಯುನಿಕೋಡಿನಲ್ಲಿ ಅದು ಸ, ಹಲಂತದ ಗುರುತು, ತ, ಮತ್ತೆ ಹಲಂತದ ಗುರುತು, ರ, ದೀರ್ಘ ಈ ಸ್ವರದ ಗುಣಿತ ಎಂದು ಆರು ಸಂಕೇತ. ‘ಕೃಷ್ಣಮೂರ್ತಿ’ ಎಂಬ ಹೆಸರಿನಲ್ಲಿ ನಾವು ನಾಲ್ಕಕ್ಷರ ಕಾಣುತ್ತೇವೆ, ಯಂತ್ರ ಹನ್ನೊಂದನ್ನು ಎಣಿಸುತ್ತದೆ. ‘ಲಕ್ಷ್ಮೀನಾರಾಯಣ’ ನಮ್ಮ ಲೆಕ್ಕದಲ್ಲಿ ಆರು, ಅದರ ಲೆಕ್ಕದಲ್ಲಿ ಹದಿಮೂರು. ಇಂಗ್ಲಿಷ್ ನಮೂನೆಯನ್ನು ನೋಡಿ ಹೆಸರಿಗೆ 20 ಎಂದು ಮಿತಿ ಹಾಕಿದರೆ, ‘ಕೃಷ್ಣಮೂರ್ತಿ’ಯವರು ತಂದೆಯ ಹೆಸರಾದ ‘ಲಕ್ಷ್ಮೀನಾರಾಯಣ’ವನ್ನು ಸೇರಿಸಿ ಬರೆಯಹೊರಟಾಗ ಖಾಲಿ ಜಾಗವೂ ಸೇರಿ 25 ಆಗುವುದರಿಂದ, ‘ನಾ’ ಬರೆಯುವ ಮೊದಲೇ, ಬರಿಯ ‘ನ’ ಆಗಿರುವಾಗ 20 ಮುಗಿದಿರುತ್ತದೆ. ಕೀಲಿ ಒತ್ತಿದರೂ ಅಕ್ಷರ ಮೂಡುವುದಿಲ್ಲ. ಹೆಸರು ‘ಲಕ್ಷ್ಮೀನ’ ಎಂದು ನಿಂತುಬಿಡುತ್ತದೆ. ತುಂಬುವವರು ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಅಚ್ಚುಮೊಳೆ ಅವರು ಪಟ್ಟಿ ಮಾಡಿದ ಸಂಖ್ಯೆ, ಕೋಡುಗಳ ಜಾಗಕ್ಕೆ ಮಾತ್ರ ಮಿತಿ ಹಾಕಿ. ಕನ್ನಡ ಪಠ್ಯಕ್ಕೆ ಹಾಕಲೇಬೇಕೆಂದಿದ್ದರೆ, ನಿಮ್ಮ ಸದಸ್ಯರ ಪುಸ್ತಕದಲ್ಲಿರುವ ಅತಿ ಉದ್ದದ ಹೆಸರನ್ನು ಟೈಪಿಸಿ, ಅದು ಎಷ್ಟು ಸಂಕೇತಗಳಾಗುತ್ತದೆ ಎಂದು ನೋಡಿ, ಅದಕ್ಕಿಂತ ಧಾರಾಳವಾಗಿ ಹಾಕಿ. ಅಂದಹಾಗೆ, ಈ ಮಿತಿ ಕೆಲಸ ಮಾಡುವುದು ‘ರಿಸ್ಟ್ರಿಕ್ಟ್ ಎಡಿಟಿಂಗ್’ನಲ್ಲಿರುವ ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ರಕ್ಷಣೆ ಜಾರಿಯಲ್ಲಿರುವಾಗ ಮಾತ್ರ.

ಸಂಘದ ಗುಮಾಸ್ತ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಕುಳಿತು ಮೊದಲ ಮತ್ತು ಮೂರನೆಯ ಪುಟಗಳನ್ನು ಕೋಷ್ಟಕಕ್ಕೆ ತಂದೆ. ನನ್ನ ಗಣಕಯಂತ್ರದಲ್ಲಿ ಈಗ ಅಲುಗಾಡುವುದಿಲ್ಲ. ಆದರೆ ಅದೇ ಕಡತವನ್ನು ಒಬ್ಬ ಸದಸ್ಯರ ಮಗಳು ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ, ಒಂದಕ್ಷರವನ್ನೂ ತುಂಬುವ ಮೊದಲೇ ಪುಟಗಳು ಬೇರೆಯಾಗಿ ಕಂಡವಂತೆ. ಕಳುಹಿಸಿದ ಚಿತ್ರದಲ್ಲಿ ಅಕ್ಷರದ ಆಕಾರವೂ ಬೇರೆ ಇದೆ. ನಾನು ಬಳಸಿದ್ದು ತುಂಗಾ ಅಕ್ಷರವಿನ್ಯಾಸ, ನಮ್ಮದು ಹಳೆಯ ಯಂತ್ರ.

ನಮೂನೆಗಾರ

ಕಾರಣ ನಿಮ್ಮ ಕೊನೆಯ ವಾಕ್ಯದಲ್ಲಿದೆ. ತುಂಗಾ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ಫಾಂಟು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಪಟ್ಟಿಗೆ ಸೇರಿತು, ಅಂದರೆ ಕನ್ನಡವನ್ನು ಭಾಷೆಯಾಗಿ ಸೇರಿಸಿಕೊಳ್ಳದ ಅಥವಾ ಆ ಪೂರಕ ಫಾಂಟುಗಳನ್ನು ಇಳಿಸಿಕೊಳ್ಳದ ಯಂತ್ರದಲ್ಲಿ ಅದು ಇರುವುದಿಲ್ಲ. ಆಗ ವರ್ಡ್ ಬೇರೊಂದನ್ನು ಅದರ ಜಾಗಕ್ಕೆ ತರುತ್ತದೆ. ಕನ್ನಡ ಫಾಂಟುಗಳಲ್ಲಿ ಸಾಲಿನ ಎತ್ತರ ಒಂದರಂತೆ ಒಂದಿಲ್ಲ, ಏಕೆಂದರೆ ಮೇಲೆ ತಲೆಕಟ್ಟು ಮತ್ತು ಗುಣಿತಕ್ಕೆ, ಕೆಳಗೆ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕೆಂಬುದನ್ನು ಒಬ್ಬೊಬ್ಬ ವಿನ್ಯಾಸಕರು ಒಂದೊಂದು ಬಗೆಯಲ್ಲಿ ತೀರ್ಮಾನಿಸಿದ್ದಾರೆ. ಒಂದು ಸಾಲಿನಲ್ಲಿ ಕಾಣದ ಈ ವ್ಯತ್ಯಾಸ ನಲವತ್ತು ಸಾಲಿನ ಪುಟದಲ್ಲಿ ಎರಡು ಮೂರು ಸಾಲಿನಷ್ಟಾಗಬಹುದು.

ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟನ್ನು ಆರಿಸಿ, ಅದನ್ನು ಕಡತದೊಳಗೇ ಹುದುಗಿಸಿ. ‘ಆಪ್ಷನ್ಸ್’ನಲ್ಲಿ ‘ಸೇವ್’ ಎಂಬಲ್ಲಿ ಕೆಳಗೆ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಎಂದಿದೆ. ಅದರ ಕೆಳಗೆ, ಕಡತದಲ್ಲಿ ಬಳಸಿರುವ ಅಕ್ಷರಗಳನ್ನು ಮಾತ್ರ ಹುದುಗಿಸು ಎಂಬರ್ಥದ ಇನ್ನೊಂದು ಆಯ್ಕೆ ಇದೆ. ಕಡತ ಚಿಕ್ಕದಾಗುತ್ತದೆಂದು ಅನೇಕರು ಅದನ್ನೂ ಗುರುತು ಮಾಡುತ್ತಾರೆ. ಭರ್ತಿ ಮಾಡುವ ನಮೂನೆಯಲ್ಲಿ ಅದು ಕೂಡದು. ನಿಮ್ಮ ಪ್ರಶ್ನೆಗಳಲ್ಲಿ ಇಲ್ಲದ ‘ಝ’ ಅಥವಾ ‘ಜ್ಞ’ ತುಂಬುವವರ ಹೆಸರಿನಲ್ಲಿ ಇರಬಹುದು, ಆ ಅಕ್ಷರ ಹುದುಗಿಸಿದ್ದರಲ್ಲಿ ಇರುವುದೇ ಇಲ್ಲ.

ಇನ್ನೊಂದು ಮರೆಯ ಕಾರಣವಿದೆ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಗುಂಪಿಗೆ ಸೇರಿಸುತ್ತದೆ, ಆ ಗುಂಪಿನ ಫಾಂಟು ಮತ್ತು ಗಾತ್ರ ಲ್ಯಾಟಿನ್ ಅಕ್ಷರಗಳದಕ್ಕಿಂತ ಪ್ರತ್ಯೇಕವಾಗಿರುತ್ತದೆ. ಉತ್ತರಕ್ಕೆಂದು ಒಂದು ಸ್ಟೈಲ್ (ಫಾಂಟು, ಗಾತ್ರ ಮುಂತಾದವನ್ನು ಒಂದು ಹೆಸರಿನಲ್ಲಿ ಕೂಡಿಸಿಟ್ಟದ್ದು) ಮಾಡಿ, ಅದರ ಫಾಂಟ್ ಸಂವಾದದಲ್ಲಿ ಎರಡೂ ಕಡೆ ಗಾತ್ರವನ್ನು ನಮೂದಿಸಿ. ಬಳಿಕ ಕಂಟೆಂಟ್ ಕಂಟ್ರೋಲಿನ ಗುಣಗಳಲ್ಲಿ, ಖಾಲಿ ಜಾಗದಲ್ಲಿ ಬರೆಯುವ ಪಠ್ಯಕ್ಕೆ ಸ್ಟೈಲ್ ಬಳಸು ಎಂಬ ಆಯ್ಕೆಯಲ್ಲಿ ಇದನ್ನು ಆರಿಸಿ. ಇಲ್ಲದಿದ್ದರೆ ಸರ್ವೆ ನಂಬರಿನ ಅಂಕಿ 11ರ ಗಾತ್ರದಲ್ಲಿಯೂ ಊರಿನ ಹೆಸರು 14ರಲ್ಲಿಯೂ ಮೂಡಬಹುದು.

ಕಂಟೆಂಟ್ ಕಂಟ್ರೋಲುಗಳಲ್ಲಿ ‘ರಿಚ್ ಟೆಕ್ಸ್ಟ್’ ಬಿಟ್ಟು ‘ಪ್ಲೇನ್ ಟೆಕ್ಸ್ಟ್’ ಬಳಸಿ. ಯಾರಾದರೂ ಬೇರೆಡೆಯಿಂದ ವಿಳಾಸವನ್ನು ನಕಲಿಸಿ ಅಂಟಿಸಿದರೆ ಅಲ್ಲಿನ ಬಣ್ಣ, ಗಾತ್ರ, ಕೋಷ್ಟಕ ಯಾವುದೂ ಒಳಗೆ ಬರುವುದಿಲ್ಲ. ಎಂಟರ್ ಒತ್ತಿ ಹೊಸ ಸಾಲು ಮಾಡಲು ಬಿಡುವ ಆಯ್ಕೆಯನ್ನು ವಿಳಾಸಕ್ಕೆ ಮಾತ್ರ ಕೊಡಿ. ಒಳಗಿನ ಮಾರ್ಗದರ್ಶಿ ಪಠ್ಯವನ್ನು ಚಿಕ್ಕದಾಗಿಡಿ. ‘ಇಲ್ಲಿ ಕ್ಲಿಕ್ ಮಾಡಿ ನಿಮ್ಮ ಪೂರ್ಣ ಹೆಸರನ್ನು ನಮೂದಿಸಿ’ ಎಂಬುದು ತಾನೇ ಎರಡು ಸಾಲು ಹಿಡಿದರೆ, ಯಾರೂ ತುಂಬದಿದ್ದಾಗಲೂ ಪುಟ ಕೆಡುತ್ತದೆ. ‘ಪೂರ್ಣ ಹೆಸರು’ ಎಂದರೆ ಸಾಕು. ಕಡತವನ್ನು ಹಳೆಯ ಡಾಕ್ (.doc) ರೂಪದಲ್ಲಿ ಉಳಿಸಬೇಡಿ, ಹಾಗೆ ಮಾಡಿದರೆ ಈ ಕಂಟ್ರೋಲುಗಳೆಲ್ಲ ಸಾಮಾನ್ಯ ಪಠ್ಯವಾಗಿಬಿಡುತ್ತವೆ. ಡಾಟ್‌ಎಕ್ಸ್ (.dotx) ಎಂಬ ಟೆಂಪ್ಲೇಟ್ ರೂಪದಲ್ಲಿಟ್ಟರೆ, ಅದನ್ನು ಜೋಡಿಕ್ಲಿಕ್ ಮಾಡಿದಾಗ ಹೊಸ ಪ್ರತಿಯೇ ತೆರೆದುಕೊಳ್ಳುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ.

ಮುಕ್ತ ಲೇಖನಿ

ವರ್ಡ್ ಬದಲು ಮುಕ್ತ ತಂತ್ರಾಂಶವಾದ ಲಿಬ್ರೆ ಆಫೀಸ್ ಬಳಸುವವರಿಗಾಗಿ ಎರಡು ಮಾತು. ಅದರ ರೈಟರ್‌ನಲ್ಲಿಯೂ ಇದೇ ತತ್ವ. ಅಡ್ಡಸಾಲಿನ ಎತ್ತರದ ಸಂವಾದದಲ್ಲಿ ‘ಫಿಟ್ ಟು ಸೈಜ್’ ಗುರುತನ್ನು ತೆಗೆದರೆ ಎತ್ತರ ಬಿಗಿಯಾಗುತ್ತದೆ, ಸಹಾಯಕಿಯವರು ಹೇಳಿದ ಅಪಾಯವೂ ಜೊತೆಗೇ ಬರುತ್ತದೆ. ಪ್ರಶ್ನೆಗಳಿರುವ ಕೋಶಗಳನ್ನಷ್ಟೇ ಆರಿಸಿ ‘ಪ್ರೊಟೆಕ್ಟ್ ಸೆಲ್ಸ್’ ಕೊಡಬಹುದು. ಫಾಂಟ್ ಹುದುಗಿಸುವುದು ಕಡತದ ‘ಪ್ರಾಪರ್ಟೀಸ್’ನಲ್ಲಿದೆ. ಭರ್ತಿ ಮಾಡಬಹುದಾದ ಪಿಡಿಎಫ್ ಮಾಡಿಯೂ ಕೊಡಬಹುದು, ಪುಟ ಅಲ್ಲಿ ಖಂಡಿತ ಅಲುಗಾಡುವುದಿಲ್ಲ. ಆದರೆ ನಾನು ಪರೀಕ್ಷಿಸಿದಾಗ ಒಂದೆರಡು ಪಿಡಿಎಫ್ ಓದುವ ತಂತ್ರಾಂಶಗಳಲ್ಲಿ, ತುಂಬುವ ಜಾಗದಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದವು. ಕನ್ನಡದಲ್ಲಿ ತುಂಬುವ ಅರ್ಜಿಗೆ ನಾನು ಇನ್ನೂ ಕೋಷ್ಟಕದ ಕಡತವನ್ನೇ ನೆಚ್ಚಿಕೊಂಡಿದ್ದೇನೆ. ತುಂಬಿ ಮುಗಿದ ಮೇಲೆ ಪಿಡಿಎಫ್ ಮಾಡಿ ಕಳುಹಿಸಿಕೊಳ್ಳಿ.

ಕಚೇರಿ ಸಹಾಯಕಿ

ಮೊಬೈಲಿನಲ್ಲಿ ತೆರೆಯುವವರಿಗೆ ಒಂದು ಮಾತನ್ನು ಮೊದಲೇ ತಿಳಿಸಿಡಿ. ಫೋನಿನ ವರ್ಡ್‌ನಲ್ಲಿ ‘ಮೊಬೈಲ್ ವ್ಯೂ’ ಎಂಬ ನೋಟವಿದ್ದು, ಅದರಲ್ಲಿ ಓದಲು ಅನುಕೂಲವಾಗುವಂತೆ ಪಠ್ಯವನ್ನು ಮರುಜೋಡಿಸಿ ತೋರಿಸುತ್ತದೆ. ಅದನ್ನು ಕಂಡು ನಮೂನೆ ಕೆಟ್ಟಿದೆ ಎಂದು ಗಾಬರಿಯಾಗಿ ಕೆಲವರು ತಾವೇ ಸರಿಪಡಿಸಲು ಹೊರಡುತ್ತಾರೆ. ಕೆಟ್ಟಿರುವುದು ನೋಟವೇ ಹೊರತು ಕಡತವಲ್ಲ. ಹಾಗೆಯೇ ಪುಟದ ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ ಗುಮಾಸ್ತರೇ: ಎ4 ಹಾಳೆ 210 × 297 ಮಿ.ಮೀ., ಲೆಟರ್ ಹಾಳೆ 216 × 279 ಮಿ.ಮೀ. ಲೆಟರ್ ಅಳತೆಯಲ್ಲಿ ಮಾಡಿದ ನಮೂನೆಯನ್ನು ಎ4ಗೆ ಬದಲಿಸಿದರೆ ಸಾಲು ಮುರಿಯುವ ಜಾಗಗಳೆಲ್ಲ ಬದಲಾಗುತ್ತವೆ. ಕೋಷ್ಟಕ ಕಟ್ಟುವ ಮೊದಲೇ ಅದನ್ನು ನಿಗದಿ ಮಾಡಬೇಕು.

ಸಂಘದ ಗುಮಾಸ್ತ

ಸಹಾಯಕಿಯವರು ಸರಿಯಾಗಿ ಊಹಿಸಿದ್ದೀರಿ. ನಮ್ಮ ಕಡತ ಲೆಟರ್ ಅಳತೆಯಲ್ಲಿಯೇ ಇತ್ತು. ಎ4ಗೆ ತಂದು, ನೋಟೋ ಸಾನ್ಸ್ ಕನ್ನಡ ಹುದುಗಿಸಿ, ನಾಲ್ಕೂ ಪುಟಗಳನ್ನು ಹೊಸದಾಗಿ ಕಟ್ಟಿದೆ. ಪರೀಕ್ಷೆಗೆಂದು ನಮ್ಮ ಸದಸ್ಯರ ಪುಸ್ತಕವನ್ನು ತಿರುವಿ ಹಾಕಿ, ಅತಿ ಉದ್ದದ ಹೆಸರು ಮತ್ತು ನಾಲ್ಕು ಸಾಲಿನ ವಿಳಾಸವಿರುವ ಒಬ್ಬರ ವಿವರವನ್ನೇ ಅರ್ಜಿದಾರರಿಗೂ ಇಬ್ಬರು ಜಾಮೀನುದಾರರಿಗೂ ತುಂಬಿ ನೋಡಿದೆ. ಮೊದಲ ಪುಟದ ಕೆಳಗಿನ ಖಾಲಿ ಜಾಗದಲ್ಲಿ ಒಂದು ಸಾಲು ಕರಗಿತು, ಭಾವಚಿತ್ರದ ಕೋಶ ಇದ್ದಲ್ಲಿಯೇ ಇತ್ತು. ಮೂರನೆಯ ಪುಟದಲ್ಲಿ ಒಪ್ಪಿಗೆಯ ಮಾತು, ಇಬ್ಬರ ಸಹಿಯ ಗೆರೆ, ದಿನಾಂಕ ಎಲ್ಲವೂ ಒಟ್ಟಿಗೆ ನಿಂತವು. ಅದೇ ಲ್ಯಾಪ್‌ಟಾಪಿನಲ್ಲಿ ತೆರೆಸಿ ನೋಡಿದಾಗಲೂ ನಾಲ್ಕೇ ಪುಟ.

ಉಳಿದಿರುವುದು ಎರಡನೆಯ ಪುಟ. ಕೆಲವರಿಗೆ ಒಂದೇ ಸರ್ವೆ ನಂಬರ್, ಅಡಿಕೆ ತೋಟ ಹಂಚಿಹೋದ ಮನೆತನಗಳಲ್ಲಿ ಏಳೆಂಟು ಹಿಸ್ಸಾ. ಎಷ್ಟು ಅಡ್ಡಸಾಲು ಇಡುವುದೆಂದು ತೋಚುತ್ತಿಲ್ಲ.

ನಮೂನೆಗಾರ

ವರ್ಡ್ 2013ರಿಂದ ‘ರಿಪೀಟಿಂಗ್ ಸೆಕ್ಷನ್’ ಎಂಬ ಕಂಟ್ರೋಲ್ ಇದೆ. ಅಡ್ಡಸಾಲಿನ ತುದಿಯಲ್ಲಿರುವ ಕೂಡುವ ಗುರುತನ್ನು ಒತ್ತಿದರೆ ಅಂಥದೇ ಇನ್ನೊಂದು ಸಾಲು ಬರುತ್ತದೆ. ಆದರೆ ಅದು ಬೆಳೆದಂತೆ ಪುಟವೂ ಬೆಳೆಯುತ್ತದೆ. ನಿಮ್ಮ ಪುಟದೊಳಗೆ ಅದನ್ನು ತರಬೇಡಿ. ಎರಡನೆಯ ಪುಟದಲ್ಲಿ ಐದು ಅಡ್ಡಸಾಲು ಸ್ಥಿರವಾಗಿರಲಿ, ಅದರ ಕೆಳಗೆ ‘ಹೆಚ್ಚಿನ ಹಿಸ್ಸಾಗಳಿದ್ದಲ್ಲಿ ಅನುಬಂಧದಲ್ಲಿ ಬರೆಯುವುದು’ ಎಂದು ಒಂದು ಗುರುತುಚೌಕ ಇಡಿ. ನಾಲ್ಕನೆಯ ಪುಟದ ನಂತರ ಅನುಬಂಧ ಎಂಬ ಪ್ರತ್ಯೇಕ ಪುಟ ಮಾಡಿ, ಹಿಗ್ಗುವ ಕೋಷ್ಟಕವನ್ನು ಅಲ್ಲಿಡಿ, ತಲೆಸಾಲು ಪ್ರತಿ ಪುಟದಲ್ಲಿ ಮರುಕಳಿಸುವಂತೆ ಮಾಡಿ. ಎಷ್ಟು ಬೆಳೆದರೂ ಅದರ ಕೆಳಗೆ ಜಾರಬೇಕಾದದ್ದು ಏನೂ ಇರುವುದಿಲ್ಲ. ಪ್ರತಿ ಹಾಳೆಯಲ್ಲಿ ಅರ್ಜಿದಾರರ ಸಹಿಗೆ ಬೇಕಾದ ಜಾಗವನ್ನು ಆ ಪುಟದ ಅಡಿಬರಹದ (ಫುಟರ್) ಪಟ್ಟಿಯಲ್ಲಿಡಿ. ಅಲ್ಲಿದ್ದರೆ ಎಷ್ಟನೆಯ ಹಾಳೆಯಾದರೂ ಅದು ತಳದಲ್ಲಿಯೇ ಬರುತ್ತದೆ.

ಸಂಘದ ಗುಮಾಸ್ತ

ಹಾಗೆಯೇ ಮಾಡಿದೆ. ಎಂಟು ಹಿಸ್ಸಾಗಳಿರುವ ಒಬ್ಬರ ಪಹಣಿಗಳನ್ನು ಮುಂದಿಟ್ಟುಕೊಂಡು ತುಂಬಿದೆ. ಐದು ಎರಡನೆಯ ಪುಟದಲ್ಲಿ, ಮೂರು ಅನುಬಂಧದಲ್ಲಿ ಬಂದವು. ಮುದ್ರಿಸಿದ ಪ್ರತಿಯನ್ನು ಪಹಣಿಗಳ ಪಕ್ಕದಲ್ಲಿಟ್ಟು ಗುಂಟೆಗಳನ್ನು ಒಂದೊಂದಾಗಿ ಕೂಡಿ ನೋಡಿದೆ, ಯಾವ ಸಾಲೂ ಮರೆಯಾಗಿಲ್ಲ. ಸೋಮವಾರದಿಂದ ಕೌಂಟರಿನಲ್ಲಿ ಇದನ್ನೇ ಬಳಸುತ್ತೇವೆ.